ನಮ್ಮೂರಿನ ಹೆಸರು ಹುಡುಕಿದರೆ ಸಿಗಬೇಕು

ಕಾಗದದ ಮೇಲೆ ಕೆಂಚಾರ್ಲಹಳ್ಳಿ ಎಂದು ಬರೆಯಲು ಇರುವುದು ಒಂದೇ ಬಗೆ. ಕಂಪ್ಯೂಟರಿನ ಒಳಗೆ ಮಾತ್ರ ನಮ್ಮೂರಿನ ಹೆಸರು ಹಲವು ವೇಷಗಳಲ್ಲಿ ಕೂತಿದೆ. ಟೈಪ್ ಮಾಡಿದವರೊಬ್ಬರು ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತಿ ‘ಕೆ೦ಚಾರ್ಲಹಳ್ಳಿ’ ಎಂದು ಬರೆದಿರುತ್ತಾರೆ. ಇನ್ನೊಬ್ಬರಿಗೆ ಫೋನಿನ ಕೀಲಿಮಣೆಯಲ್ಲಿ ಅರ್ಕಾವತ್ತು ಹೇಗೆ ಹಾಕುವುದೆಂದು ತಿಳಿಯದೆ, ಅಂಕಿಯ ಒಂಬತ್ತನ್ನೇ ಅದರ ಬದಲಿಗೆ ಇಟ್ಟು ‘ಕೆಂಚಾಲ೯ಹಳ್ಳಿ’ ಮಾಡಿರುತ್ತಾರೆ. ಮತ್ತೊಬ್ಬರು ‘ಕೆಂಚಾರ್ಲ ಹಳ್ಳಿ’ ಎಂದು ಬಿಡಿಸಿ ಬರೆದಿರುತ್ತಾರೆ. ಓದುವ ಕಣ್ಣಿಗೆ ಇವೆಲ್ಲ ಒಂದೇ ಊರು. ಯಂತ್ರಕ್ಕೆ ಒಂದಕ್ಕೊಂದು ನಂಟೇ ಇಲ್ಲದ ಬೇರೆ ಬೇರೆ ಪದಗಳು. ಒಂದನ್ನು ಕೇಳಿದರೆ ಉಳಿದವು ಬರುವುದಿಲ್ಲ.

ಕಂಪನಿಗಳ ಸರ್ವರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಚಿಂತಾಮಣಿ ತಾಲ್ಲೂಕಿನ ಈ ಹೋಬಳಿ ಕೇಂದ್ರದ ನಮ್ಮ ಮನೆಯಲ್ಲಿ, ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ, ಊರಿನವರು ಬಳಸಲೆಂದೇ ಒಂದು ಸರ್ಚ್ ಸರ್ವರ್ ಇಟ್ಟಿದ್ದೇನೆ. ಅದರಲ್ಲಿರುವುದು ಈ ಸೀಮೆಗೆ ಸಂಬಂಧಪಟ್ಟ ಪಠ್ಯ: ಹಳೆಯ ಕೋಲಾರ ಜಿಲ್ಲೆಯ ಶಾಸನಗಳು, ಕನ್ನಡ ವಿಕಿಪೀಡಿಯದ ಲೇಖನಗಳು, ಊರಿನ ಹಿರಿಯರು ಹೇಳಿ ನಾವು ಬರೆದುಕೊಂಡ ಕೆರೆಕುಂಟೆಗಳ ಪಟ್ಟಿ. ಇದನ್ನು ಮಾಡುವಾಗ ನನಗೆ ಮನದಟ್ಟಾದ ಒಂದು ಸಂಗತಿಯನ್ನು ಎಲ್ಲರಿಗೂ ಹೇಳಬೇಕು. ಹುಡುಕುವ ಯಂತ್ರ ಇವತ್ತು ಯಾರಿಗಾದರೂ ಪುಕ್ಕಟೆ ಸಿಗುತ್ತದೆ. ಅದಕ್ಕೆ ಕನ್ನಡ ಕಲಿಸುವ ಕೆಲಸ ಮಾತ್ರ ಬಾಕಿ ಇದೆ. ಆ ಕೆಲಸಕ್ಕೆ ಎಂಜಿನಿಯರ್‌ಗಿಂತ ಹೆಚ್ಚಾಗಿ ಬೇಕಿರುವವರು ಕನ್ನಡ ಬಲ್ಲವರು, ಊರು ಬಲ್ಲವರು.

ಹುಡುಕುವ ಯಂತ್ರದ ಒಳಗೆ

ಸಾವಿರ ಪುಟದಲ್ಲಿ ಒಂದು ಪದ ಹುಡುಕಲು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತ ಹೋದರೆ ಕಂಪ್ಯೂಟರಿಗೂ ಹೊತ್ತು ಹಿಡಿಯುತ್ತದೆ. ಸರ್ಚ್ ಸರ್ವರ್ ಹಾಗೆ ಮಾಡುವುದಿಲ್ಲ. ಪಠ್ಯವನ್ನು ಒಳಗೆ ತೆಗೆದುಕೊಳ್ಳುವಾಗಲೇ ಅದು ಪ್ರತಿ ಪದವನ್ನೂ ಬಿಡಿಸಿ, ಯಾವ ಪದ ಯಾವ ದಾಖಲೆಯಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ದೊಡ್ಡ ಗ್ರಂಥಗಳ ಕೊನೆಯಲ್ಲಿ ಇರುವ ಪದಸೂಚಿಯಂತೆಯೇ ಇದು. ನೀವು ‘ತೂಬು’ ಎಂದು ಕೇಳಿದಾಗ ಅದು ಪುಟ ತಿರುವುವುದಿಲ್ಲ, ಸೂಚಿಯಲ್ಲಿ ‘ತೂಬು’ ಇರುವ ಸಾಲನ್ನು ತೆಗೆದು ಮುಂದಿಡುತ್ತದೆ. ಈ ಸೂಚಿಗೆ ಇಂಡೆಕ್ಸ್ ಎನ್ನುತ್ತಾರೆ.

ಜಗತ್ತಿನ ಬಹುಪಾಲು ಮುಕ್ತ ತಂತ್ರಾಂಶದ ಹುಡುಕಾಟ ಇವತ್ತು ಲ್ಯೂಸೀನ್ ಎಂಬ ಒಂದೇ ಅಡಿಪಾಯದ ಮೇಲೆ ನಿಂತಿದೆ. ಅಮೆರಿಕದ ಡಗ್ ಕಟಿಂಗ್ 1999ರಲ್ಲಿ ಅದನ್ನು ಬರೆದರು. 2001ರಲ್ಲಿ ಅದು ಅಪಾಚೆ ಸಂಸ್ಥೆಯ ಆಶ್ರಯಕ್ಕೆ ಬಂತು. ಲ್ಯೂಸೀನ್ ಬರೀ ಒಂದು ಎಂಜಿನ್. ಅದನ್ನು ಓಡಿಸಲು ಪ್ರೋಗ್ರಾಂ ಬರೆಯಲು ಬರಬೇಕು. 2004ರಲ್ಲಿ ಸಿನೆಟ್ ಕಂಪನಿಯಲ್ಲಿದ್ದ ಯೋನಿಕ್ ಸೀಲಿ ಅದರ ಸುತ್ತ ಪೂರ್ತಿ ಸರ್ವರ್ ಕಟ್ಟಿ ಸೋಲರ್ ಎಂದು ಹೆಸರಿಟ್ಟರು. 2006ರಲ್ಲಿ ಕಂಪನಿ ಅದನ್ನು ಅಪಾಚೆಗೆ ದಾನ ಮಾಡಿತು. 2010ರಲ್ಲಿ ಶೇ ಬ್ಯಾನನ್ ಅದೇ ಲ್ಯೂಸೀನ್ ಮೇಲೆ ಇಲಾಸ್ಟಿಕ್‌ಸರ್ಚ್ ಕಟ್ಟಿದರು. 2021ರಲ್ಲಿ ಇಲಾಸ್ಟಿಕ್‌ಸರ್ಚ್‌ನ ಪರವಾನಗಿ ಬದಲಾದಾಗ ಅದರ ಹಳೆಯ ಮುಕ್ತ ಆವೃತ್ತಿಯಿಂದ ಓಪನ್‌ಸರ್ಚ್ ಎಂಬ ಕವಲು ಒಡೆಯಿತು. 2024ರಲ್ಲಿ ಇಲಾಸ್ಟಿಕ್‌ಸರ್ಚ್ ಮತ್ತೆ ಮುಕ್ತ ಪರವಾನಗಿಯೊಂದನ್ನು ಸೇರಿಸಿಕೊಂಡಿತು. ನಾನು ಆರಿಸಿಕೊಂಡದ್ದು ಸೋಲರ್. ಒಂದೇ ಯಂತ್ರದಲ್ಲಿ ಇಟ್ಟು ಓಡಿಸುವುದು ಸುಲಭ, ಜೊತೆಗೆ ಅದರ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಪರದೆಯ ಮೇಲೆ ಹಂತಹಂತವಾಗಿ ನೋಡಬಹುದು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಕನ್ನಡಿಗರು ಇವನ್ನು ಗೊತ್ತಿಲ್ಲದೆಯೇ ಬಳಸುತ್ತಿದ್ದಾರೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಹುಡುಕು ಪೆಟ್ಟಿಗೆಯ ಹಿಂದೆ ಇರುವುದು ಲ್ಯೂಸೀನ್ ಬಳಗವೇ. ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಶೋಧಗಂಗಾ, ಡಿಸ್ಪೇಸ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಡೆಯುತ್ತದೆ. ಡಿಸ್ಪೇಸ್‌ನ ಹುಡುಕಾಟ ನಡೆಸುವುದು ಸೋಲರ್. ಕನ್ನಡದ್ದೇ ಸಾಧನೆ ಎಂದರೆ ವಚನ ಸಂಚಯ. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ಸಂಚಯ’ ತಂಡ, ಓ. ಎಲ್. ನಾಗಭೂಷಣ ಸ್ವಾಮಿ ಅವರಂಥ ವಿದ್ವಾಂಸರ ಒಡನಾಟದಲ್ಲಿ, ಸಮಗ್ರ ವಚನ ಸಂಪುಟಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕುವಂತೆ ಮಾಡಿತು. ಒಂದು ಪದ ಯಾವ ವಚನಕಾರರಲ್ಲಿ ಎಲ್ಲಿ ಬಂದಿದೆ ಎಂದು ತಿಳಿಯಲು 15 ಸಂಪುಟ ತಿರುವಬೇಕಿದ್ದ ಕೆಲಸ ಕ್ಷಣದ್ದಾಯಿತು. ವಚನಕ್ಕೆ ಆದದ್ದು ನಮ್ಮ ಹೋಬಳಿಯ ಚರಿತ್ರೆಗೂ ಆಗಬೇಕು ಎಂಬುದು ನನ್ನ ಆಸೆ.

ಯಂತ್ರ ಕೂರಿಸುವುದು

ಈ ಭಾಗ ಜನ ಅಂದುಕೊಂಡಷ್ಟು ಕಷ್ಟದ್ದಲ್ಲ. ಸೋಲರ್ ಜಾವಾದಲ್ಲಿ ಬರೆದ ತಂತ್ರಾಂಶ. 9ನೇ ಆವೃತ್ತಿಗೆ ಜಾವಾ 11 ಅಥವಾ ಅದಕ್ಕಿಂತ ಹೊಸದು ಬೇಕು. ಲಿನಕ್ಸ್ ಇರುವ, 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಒಂದು ಊರಿನ ಸಂಗ್ರಹಕ್ಕೆ ಧಾರಾಳ. ಸೋಲರ್ ತಾನಾಗಿ ಕೇಳುವುದು 512 ಎಂಬಿ ಮಾತ್ರ. ಅಪಾಚೆಯ ತಾಣದಿಂದ ಇಳಿಸಿಕೊಂಡ ಕಟ್ಟನ್ನು ಬಿಚ್ಚಿ, ಒಂದು ಆಜ್ಞೆಯಲ್ಲಿ ಸರ್ವರ್ ಶುರು ಮಾಡಿ, ಇನ್ನೊಂದು ಆಜ್ಞೆಯಲ್ಲಿ ‘ಕೋರ್’ ಎಂಬ ಖಾಲಿ ಸಂಗ್ರಹ ಸೃಷ್ಟಿಸಿದರೆ ಯಂತ್ರ ಸಿದ್ಧ. ಬ್ರೌಸರಿನಲ್ಲಿ 8983 ಎಂಬ ಪೋರ್ಟ್ ಸಂಖ್ಯೆ ಕೊಟ್ಟರೆ ಅದರ ಆಡಳಿತ ಪುಟ ತೆರೆಯುತ್ತದೆ.

ಖಾಲಿ ಕೋರ್‌ಗೆ ಪಠ್ಯ ಸುರಿಯುವ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಹೊಸದಾಗಿ ತೆರೆದ ಸೋಲರ್ ಪ್ರತಿ ಅಂಕಣದಲ್ಲಿ ಏನಿದೆ ಎಂದು ತಾನೇ ಊಹಿಸುತ್ತದೆ. ಮೊದಲ ಶಾಸನದ ಸಂಖ್ಯೆ 12 ಎಂದಿದ್ದರೆ, ಇದು ಅಂಕಿಯ ಅಂಕಣ ಎಂದು ತೀರ್ಮಾನಿಸುತ್ತದೆ. ಮುಂದೆ ‘12ಅ’ ಎಂಬ ಶಾಸನ ಬಂದ ಕೂಡಲೇ, ಇದು ಅಂಕಿಯಲ್ಲ ಎಂದು ಹೇಳಿ ಆ ದಾಖಲೆಯನ್ನೇ ಹೊರಗೆ ತಳ್ಳುತ್ತದೆ. ಆದ್ದರಿಂದ ಊಹೆಯ ಸೌಲಭ್ಯ ಆರಿಸಿ, ಸ್ಕೀಮಾ ಎಂಬ ಕಡತದಲ್ಲಿ ಅಂಕಣಗಳನ್ನು ಕೈಯಾರೆ ಬರೆಯಬೇಕು: ಶಾಸನ ಸಂಖ್ಯೆ, ಊರು, ತಾಲ್ಲೂಕು, ಕಾಲ, ಪಠ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಪಠ್ಯದ ಅಂಕಣ ಯಾವ ಭಾಷೆಯದು, ಆ ಭಾಷೆಯ ಪದಗಳನ್ನು ಹೇಗೆ ಬಿಡಿಸಬೇಕು ಎಂಬುದನ್ನು ಹೇಳಬೇಕು.

ಕನ್ನಡಿಗರ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದಲೇ. ಲ್ಯೂಸೀನ್ ಜೊತೆಗೆ ಹಲವು ಭಾಷೆಗಳ ವಿಶ್ಲೇಷಕಗಳು ಸಿದ್ಧವಾಗಿ ಬರುತ್ತವೆ. ಹಿಂದಿಗೆ ಇದೆ, ಬಂಗಾಳಿಗೆ ಇದೆ, ನೇಪಾಳಿಗೆ ಇದೆ. 9ನೇ ಆವೃತ್ತಿಯಲ್ಲಿ ತಮಿಳು, ತೆಲುಗಿನದೂ ಇವೆ. ಕನ್ನಡದ್ದು ಇಲ್ಲ. ಭಾರತೀಯ ಲಿಪಿಗಳೆಲ್ಲಕ್ಕೂ ಅನ್ವಯಿಸುವ ಸಾಮಾನ್ಯ ಶೋಧಕದಲ್ಲಿ ಕನ್ನಡ ಲಿಪಿಗೆ ಜಾಗವಿದೆಯಾದರೂ ಕನ್ನಡದ ವ್ಯಾಕರಣ ಅದಕ್ಕೆ ಗೊತ್ತಿಲ್ಲ. ಆಂಧ್ರದ ಗಡಿಗೆ ಹತ್ತಿರದ ನಮ್ಮಂಥ ಊರಿನಲ್ಲಿ ಬೆಳಗೆದ್ದು ಎರಡೂ ಭಾಷೆ ಮಾತಾಡುತ್ತೇವೆ. ಯಂತ್ರಕ್ಕೆ ಗೊತ್ತಿರುವುದು ಅದರಲ್ಲಿ ಒಂದೇ.

ಅಕ್ಷರಗಳನ್ನು ಒಂದು ದಾರಿಗೆ ತರುವುದು

ಮೊದಲ ಕೆಲಸ ಅಕ್ಷರಶುದ್ಧಿ. ನಮ್ಮಲ್ಲಿ ಹಳೆಯ ಕಡತಗಳು ಬಹಳಷ್ಟು ನುಡಿ, ಬರಹದ ಹಿಂದಿನ ಫಾಂಟುಗಳಲ್ಲಿವೆ. ಅವುಗಳಲ್ಲಿ ಕನ್ನಡ ಕಾಣುವುದು ಫಾಂಟಿನ ಕೃಪೆಯಿಂದ, ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಅವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಾರದೆ ಸರ್ವರ್‌ಗೆ ಕೊಟ್ಟರೆ ಪ್ರಯೋಜನವಿಲ್ಲ. ಆ ಫಾಂಟುಗಳಲ್ಲಿ ಅರ್ಕಾವತ್ತು, ನಾವು ಕೈಯಲ್ಲಿ ಬರೆಯುವ ಹಾಗೆ, ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ, ಅಂದರೆ ಅಕ್ಷರಕ್ಕೆ ಮೊದಲು, ‘ರ್’ ಬರುತ್ತದೆ. ಪರಿವರ್ತಿಸಿದ ಮೇಲೆ ಕೆಂಚಾರ್ಲಹಳ್ಳಿಯಂಥ ಹೆಸರುಗಳನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳುವುದು ಇದೇ ಕಾರಣಕ್ಕೆ.

ಯೂನಿಕೋಡ್‌ಗೆ ಬಂದ ಮೇಲೂ ಒಂದೇ ಅಕ್ಷರಕ್ಕೆ ಎರಡು ರೂಪ ಸಾಧ್ಯ. ‘ಕೋಲಾರ’ದ ಓತ್ವವನ್ನು ಒಂದೇ ಸಂಕೇತವಾಗಿ ಇಡಬಹುದು. ಎತ್ವ, ಊತ್ವ, ದೀರ್ಘದ ಗುರುತು ಎಂಬ ಮೂರು ಸಂಕೇತಗಳ ಜೋಡಣೆಯಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಸೋಲರ್‌ನಲ್ಲಿ ಐಸಿಯು ಎಂಬ ಹೆಚ್ಚುವರಿ ಘಟಕ ಸೇರಿಸಿಕೊಂಡು ಅದರ ನಾರ್ಮಲೈಸರ್ ಬಳಸಿದರೆ ಎರಡೂ ಒಂದೇ ರೂಪಕ್ಕೆ ಇಳಿಯುತ್ತವೆ. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ಒತ್ತಕ್ಷರ ಆಗದಂತೆ ತಡೆಯಲು ನಾವು ನಡುವೆ ಹಾಕುವ ಕಣ್ಣಿಗೆ ಕಾಣದ ಗುರುತನ್ನೂ ಸೂಚಿಯಲ್ಲಿ ತೆಗೆದುಹಾಕಬೇಕು. ಇಲ್ಲದಿದ್ದರೆ ಅದನ್ನು ಹಾಕಿ ಬರೆದವರ ಪದ, ಹಾಕದೆ ಹುಡುಕುವವರಿಗೆ ಸಿಗುವುದಿಲ್ಲ.

ಸೊನ್ನೆ, ಒಂಬತ್ತುಗಳ ಸಮಸ್ಯೆಗೆ ಎರಡು ನಿಯಮ ಬರೆದೆ. ಎರಡು ಅಕ್ಷರಗಳ ನಡುವೆ ಒಂಟಿಯಾಗಿ ‘೦’ ಕಂಡರೆ ಅದು ಅನುಸ್ವಾರ. ಅಕ್ಷರಕ್ಕೆ ಅಂಟಿಕೊಂಡು ‘೯’ ಬಂದರೆ ಅದು ಅರ್ಕಾವತ್ತು, ಹಿಂದಿನ ಅಕ್ಷರಕ್ಕೂ ಮೊದಲು ‘ರ್’ ಆಗಿ ಜಿಗಿಯಬೇಕು. ಅಂಕಿಗಳ ಪಕ್ಕದಲ್ಲಿರುವ ಸೊನ್ನೆ ಒಂಬತ್ತುಗಳನ್ನು ಮುಟ್ಟಬಾರದು. ಈ ಎರಡು ಸಾಲು ಬಂದ ಮೇಲೆ ‘ಕನಾ೯ಟಕ’ವೂ ‘ಚಿ೦ತಾಮಣಿ’ಯೂ ತಮ್ಮ ಸರಿಯಾದ ಬಂಧುಗಳ ಜೊತೆ ಸೇರಿಕೊಂಡವು.

ಇನ್ನು ಶಾಸನಗಳ ವಿಷಯ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 10ನೇ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ ಅಚ್ಚು ಹಾಕಿಸಿದರು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಹಾಗಾಗಿ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿಯ ಶಾಸನಗಳೆಲ್ಲ ಆ ಸಂಪುಟದಲ್ಲೇ ಇವೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕ ಅದು, ಯಾರು ಬೇಕಾದರೂ ಬಳಸಬಹುದು. ಅಚ್ಚಿನ ಪುಟಗಳ ಚಿತ್ರವನ್ನು ಪಠ್ಯವಾಗಿಸಲು ಟೆಸ್ಸೆರಾಕ್ಟ್ ಎಂಬ ಮುಕ್ತ ತಂತ್ರಾಂಶವಿದೆ, ಅದಕ್ಕೆ ಕನ್ನಡ ಓದಲು ಬರುತ್ತದೆ. ಹಳೆಯ ಅಚ್ಚಿನಲ್ಲಿ ಮ, ಯ ಅದಲುಬದಲು ಮಾಡುತ್ತದೆ, ಪ, ವ, ಷಗಳ ನಡುವೆ ತಡವರಿಸುತ್ತದೆ. ಕೈಯಿಂದ ತಿದ್ದದೆ ಗತಿಯಿಲ್ಲ.

ತಿದ್ದಿದ ಮೇಲೂ ಶಾಸನದ ‘ಕೆಱೆ’ ಇವತ್ತಿನ ‘ಕೆರೆ’ಗೆ ಸಿಗುವುದಿಲ್ಲ. ಹಳಗನ್ನಡದ ಶಕಟರೇಫ ಬೇರೆ ಅಕ್ಷರ, ಅದಕ್ಕೆ ಬೇರೆ ಸಂಕೇತ. ‘ೞ’ ಕಥೆಯೂ ಅದೇ. ಈ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ‘ಫ’ ಎಂಬರ್ಥ ಬರುವ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರು ಬದಲಿಸುವಂತಿಲ್ಲ ಎಂಬ ನಿಯಮದಿಂದ ಅದು ಹಾಗೇ ಉಳಿದಿದೆ. ಸೋಲರ್‌ನ ಅಕ್ಷರ ಹೊಂದಾಣಿಕೆಯ ಕಡತದಲ್ಲಿ ಎರಡು ಸಾಲು ಬರೆದರೆ ಸಾಕು: ಱ ಕಂಡಲ್ಲಿ ರ, ೞ ಕಂಡಲ್ಲಿ ಳ. ಆಗ ‘ಕೆಱೆ’ ಕೆರೆಯಾಗಿ, ‘ಏಱಿ’ ಏರಿಯಾಗಿ ಸೂಚಿಗೆ ಸೇರುತ್ತದೆ. ಓದುಗರಿಗೆ ತೋರಿಸುವ ಪಠ್ಯ ಮಾತ್ರ ಬದಲಾಗುವುದಿಲ್ಲ. ಸೋಲರ್ ಸೂಚಿಯ ರೂಪವನ್ನೂ ಮೂಲದ ರೂಪವನ್ನೂ ಬೇರೆ ಬೇರೆ ಇಡುತ್ತದೆ. ಹುಡುಕುವುದು ಹೊಸಗನ್ನಡದಲ್ಲಿ, ಸಿಗುವುದು ಕಲ್ಲಿನ ಮೇಲೆ ಕೊರೆದಂತೆಯೇ ಇರುವ ‘ಕೆಱೆ’. ನನಗೆ ಈ ಯಂತ್ರದ ಮೇಲೆ ಪ್ರೀತಿ ಹುಟ್ಟಿದ್ದು ಇದನ್ನು ನೋಡಿದ ಮೇಲೆ.

ಬಾಯಿಪಾಠ ಮಾಡಿದ ವಿಭಕ್ತಿಗಳು

ನಮ್ಮದು ಕೆರೆಗಳ ಸೀಮೆ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಈ ಬಯಲಿನಲ್ಲಿ ಊರು ಕಟ್ಟಿದವರು ಮೊದಲು ಕೆರೆ ಕಟ್ಟಿದರು. ಶಾಸನಗಳಲ್ಲೂ ದಾನಪತ್ರಗಳಲ್ಲೂ ಕೆರೆ, ತೂಬು, ಏರಿ, ಕೋಡಿ ಮತ್ತೆ ಮತ್ತೆ ಬರುತ್ತವೆ. ಆದರೆ ಕನ್ನಡದಲ್ಲಿ ಕೆರೆ ಬರೀ ‘ಕೆರೆ’ಯಾಗಿ ಬರುವುದು ಕಡಿಮೆ. ಕೆರೆಯ, ಕೆರೆಗೆ, ಕೆರೆಯನ್ನು, ಕೆರೆಯಿಂದ, ಕೆರೆಯಲ್ಲಿ, ಕೆರೆಗಳು, ಕೆರೆಗಳಲ್ಲಿ ಎಂದೆಲ್ಲ ಬರುತ್ತದೆ. ಇಂಗ್ಲಿಷಿನಲ್ಲಿ ಈ ಸಂಬಂಧಗಳಿಗೆ ಹೆಚ್ಚಾಗಿ ಬೇರೆ ಪದ ಇರುವುದರಿಂದ ಮೂಲಪದ ಹಾಗೇ ಉಳಿಯುತ್ತದೆ. ಕನ್ನಡದಲ್ಲಿ ಪ್ರತ್ಯಯ ಪದಕ್ಕೇ ಅಂಟುತ್ತದೆ. ಅಂಟಿದ್ದನ್ನು ಬಿಡಿಸುವುದನ್ನು ಯಂತ್ರಕ್ಕೆ ನಾವೇ ಹೇಳಿಕೊಡಬೇಕು.

ಹೈಸ್ಕೂಲಿನಲ್ಲಿ ನಾವೆಲ್ಲ ವಿಭಕ್ತಿ ಪ್ರತ್ಯಯಗಳನ್ನು ರಾಗವಾಗಿ ಒಪ್ಪಿಸಿದವರೇ. ಉ, ಅನ್ನು, ಇಂದ, ಗೆ, ಕ್ಕೆ, ಅ, ಅಲ್ಲಿ. ಸರ್ಚ್ ಸರ್ವರ್‌ಗೆ ಬೇಕಾದದ್ದು ಆ ಪಟ್ಟಿಯೇ. ಪದದ ಕೊನೆಯಲ್ಲಿ ಇವು ಕಂಡರೆ ಕತ್ತರಿಸು ಎಂಬ ನಿಯಮಗಳನ್ನು ಒಂದರ ಕೆಳಗೊಂದು ಬರೆಯುತ್ತ ಹೋದೆ. ಕ್ರಮ ಮುಖ್ಯ, ಉದ್ದನೆಯ ಪ್ರತ್ಯಯ ಮೊದಲು ಬರಬೇಕು. ‘ಕೆರೆಗಳಲ್ಲಿ’ ಎಂಬಲ್ಲಿ ‘ಗಳಲ್ಲಿ’ ಪೂರ್ತಿ ಹೋದರೆ ಕೆರೆ ಉಳಿಯುತ್ತದೆ. ಬರೀ ‘ಲ್ಲಿ’ ಹೋದರೆ ‘ಕೆರೆಗಳ’ ಎಂದು ಅರ್ಧಕ್ಕೆ ನಿಲ್ಲುತ್ತದೆ.

ಉಕಾರಾಂತ ಪದಗಳಿಗೆ ಇನ್ನೊಂದು ಉಪಾಯ ಬೇಕು. ‘ಊರಿನಲ್ಲಿ’ ಎಂಬುದರಿಂದ ಇತ್ವ ಸಮೇತ ಪ್ರತ್ಯಯ ತೆಗೆದರೆ ಉಳಿಯುವುದು ‘ಊರ’, ‘ಊರು’ ಅಲ್ಲ. ಆದ್ದರಿಂದ ‘ಊರು’ ಪದದ ಕೊನೆಯ ಉತ್ವವನ್ನೂ ಸೂಚಿಯಲ್ಲಿ ತೆಗೆದುಬಿಡುತ್ತೇವೆ. ಊರು, ಊರಿನ, ಊರಿಗೆ, ಊರಿನಲ್ಲಿ ಎಲ್ಲವೂ ‘ಊರ’ ಆಗುತ್ತವೆ. ತೂಬು, ತೂಬಿನ, ತೂಬಿಗೆ ಎಲ್ಲವೂ ‘ತೂಬ’. ಹೀಗೆ ಉಳಿಯುವ ತುಂಡು ನಿಘಂಟಿನಲ್ಲಿ ಇರಬೇಕೆಂದಿಲ್ಲ. ಬಂಧುಗಳೆಲ್ಲ ಒಂದೇ ತುಂಡಿಗೆ ಬಂದು ಸೇರಿದರೆ ಸಾಕು.

ಕತ್ತರಿ ಅತಿಯಾದರೂ ಅಪಾಯ. ‘ಗೆ’ ಕತ್ತರಿಸುವ ನಿಯಮ ‘ಮಲ್ಲಿಗೆ’ಯನ್ನು ‘ಮಲ್ಲಿ’ ಮಾಡುತ್ತದೆ. ಇನ್ನು ನಮ್ಮ ಜಿಲ್ಲೆಗೇ ವಿಶೇಷವಾದ ಕಂಟಕ ಒಂದಿದೆ. ‘ಊರಲ್ಲಿ’, ‘ಕಾಡಲ್ಲಿ’ ಎಂಬ ಆಡುಮಾತಿನ ರೂಪಗಳಿಗಾಗಿ ಬರೀ ‘ಲ್ಲಿ’ ತೆಗೆಯುವ ನಿಯಮ ಹಾಕಬೇಕು ಅನ್ನಿಸುತ್ತದೆ. ಹಾಕಿದ ಕೂಡಲೇ ಬಾಗೇಪಲ್ಲಿ ‘ಬಾಗೇಪ’ ಆಗುತ್ತದೆ! ತೆಲುಗಿನ ‘ಪಲ್ಲಿ’ಯಲ್ಲಿ ಕೊನೆಯಾಗುವ ಊರುಗಳು ಗಡಿ ಸೀಮೆಯಲ್ಲಿ ಎಷ್ಟೊಂದಿವೆ. ಅವೆಲ್ಲ ಅಂಗಹೀನವಾಗುತ್ತವೆ. ಧಾರವಾಡದಲ್ಲೋ ಮೈಸೂರಿನಲ್ಲೋ ಕೂತು ನಿಯಮ ಬರೆದವರಿಗೆ ಇದು ಹೊಳೆಯದೇ ಹೋಗಬಹುದು. ಇಲ್ಲಿನವರಿಗೆ ಮೊದಲ ಪರೀಕ್ಷೆಯಲ್ಲೇ ಕಾಣುತ್ತದೆ.

ಇದಕ್ಕೆ ಸೋಲರ್‌ನಲ್ಲಿ ಪ್ರೊಟೆಕ್ಟೆಡ್ ಟರ್ಮ್ ಫಿಲ್ಟರ್ ಎಂಬ ಪರಿಹಾರವಿದೆ. ಒಂದು ಸಾದಾ ಕಡತದಲ್ಲಿ ಸಾಲಿಗೊಂದು ಪದ ಬರೆದಿಟ್ಟರೆ ಆ ಪದಗಳಿಗೆ ಕತ್ತರಿ ತಾಕುವುದಿಲ್ಲ. ಮಲ್ಲಿಗೆ, ಬಾಗೇಪಲ್ಲಿ, ಹೀಗೆ. ‘ಬಾಗೇಪಲ್ಲಿಯಲ್ಲಿ’ ಎಂದು ಬಂದಾಗ ‘ಯಲ್ಲಿ’ ಮಾತ್ರ ಕಳಚಿ ಊರಿನ ಹೆಸರು ಉಳಿಯುತ್ತದೆ.

ನಿಯಮ ಸರಿಯಾಗಿದೆಯೋ ಇಲ್ಲವೋ ನೋಡಲು ಆಡಳಿತ ಪುಟದಲ್ಲಿ ‘ಅನಾಲಿಸಿಸ್’ ಎಂಬ ಪರದೆ ಇದೆ. ಅದರ ಎಡ ಪೆಟ್ಟಿಗೆಯಲ್ಲಿ ‘ಕೆಱೆಯಲ್ಲಿ’ ಎಂದು ಹಾಕಿ ಗುಂಡಿ ಒತ್ತಿದರೆ, ಪದ ಒಂದೊಂದು ಶೋಧಕ ದಾಟುವಾಗ ಏನಾಗುತ್ತದೆ ಎಂಬುದು ಮೇಲಿನಿಂದ ಕೆಳಕ್ಕೆ ಕಾಣುತ್ತದೆ. ಮೊದಲ ಸಾಲಿನಲ್ಲಿ ‘ಕೆಱೆಯಲ್ಲಿ’, ಅಕ್ಷರ ಹೊಂದಾಣಿಕೆ ದಾಟಿದ ಮೇಲೆ ‘ಕೆರೆಯಲ್ಲಿ’, ಪ್ರತ್ಯಯದ ನಿಯಮ ದಾಟಿದ ಮೇಲೆ ‘ಕೆರೆ’. ಬಲ ಪೆಟ್ಟಿಗೆಯಲ್ಲಿ ಹುಡುಕುವವರು ಟೈಪ್ ಮಾಡುವ ‘ಕೆರೆಗಳು’ ಹಾಕಿದರೆ ಅದೂ ಕೊನೆಯ ಸಾಲಿನಲ್ಲಿ ‘ಕೆರೆ’ಯಾಗಿ ನಿಂತು, ಎರಡೂ ಕೂಡಿದವೆಂದು ಬಣ್ಣ ಬದಲಾಗುತ್ತದೆ. ಹೈಸ್ಕೂಲು ಮಕ್ಕಳಿಗೆ ಇದನ್ನು ತೋರಿಸಿದಾಗ ಅವರು ತಾವೇ ಪದ ಕೊಡಲು ಶುರು ಮಾಡಿದರು. ಸಂಧಿಯಾದ ಪದ, ಬಹುವಚನ, ಮನೆಮಾತಿನ ರೂಪ. ವ್ಯಾಕರಣದ ಪಾಠವನ್ನು ಅಷ್ಟು ಆಸೆಯಿಂದ ಮಾಡಿದ ಮಕ್ಕಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಿಯಮ ಬದಲಿಸಿದಾಗಲೆಲ್ಲ ನೆನಪಿಡಬೇಕಾದ ಮಾತೊಂದಿದೆ. ಹಳೆಯ ಸೂಚಿ ಹಳೆಯ ನಿಯಮದಲ್ಲೇ ಕಟ್ಟಿದ್ದು. ಪಠ್ಯವನ್ನೆಲ್ಲ ಮತ್ತೆ ಸುರಿದು ಹೊಸದಾಗಿ ಸೂಚಿ ಕಟ್ಟದೆ ಹೊಸ ನಿಯಮ ಪೂರ್ತಿ ಫಲ ಕೊಡುವುದಿಲ್ಲ. ಹಾಗಾಗಿ ಮೂಲ ಪಠ್ಯವನ್ನು ಯಾವಾಗಲೂ ಸರ್ವರ್‌ನ ಹೊರಗೆ ಬೇರೆ ಕಡೆ ಜೋಪಾನವಾಗಿ ಇಟ್ಟಿರಬೇಕು.

ಊರವರೇ ಬರೆಯಬೇಕಾದ ಕಡತ

ಅಕ್ಷರ ಸರಿಹೋದ ಮೇಲೂ, ಪ್ರತ್ಯಯ ಕಳಚಿದ ಮೇಲೂ, ಒಂದೇ ಜಾಗಕ್ಕೆ ಎರಡು ಹೆಸರು ಉಳಿಯುತ್ತವೆ. ಶಿಡ್ಲಘಟ್ಟವನ್ನು ಸಿಡ್ಲಘಟ್ಟ ಎಂದೂ ಬರೆಯುತ್ತಾರೆ. ಹೊಸಗನ್ನಡದ ‘ಹಳ್ಳಿ’ ಹಳಗನ್ನಡದಲ್ಲಿ ‘ಪಳ್ಳಿ’, ತೆಲುಗು ಬಾಯಲ್ಲಿ ‘ಪಲ್ಲಿ’. ಪ ಇದ್ದಲ್ಲೆಲ್ಲ ಹ ಮಾಡು ಎಂದು ನಿಯಮ ಬರೆದರೆ ‘ಪಾಲು’ ‘ಹಾಲು’ ಆಗಿ ಎಲ್ಲವೂ ಗೋಜಲಾಗುತ್ತದೆ. ಇದಕ್ಕೆ ಇರುವುದು ಸಮಾನಪದಗಳ ಕಡತ. ಒಂದು ಸಾಲಿನಲ್ಲಿ ಅಲ್ಪವಿರಾಮ ಹಾಕಿ ಹೆಸರುಗಳನ್ನು ಬರೆದರೆ, ಅವುಗಳಲ್ಲಿ ಯಾವುದನ್ನು ಕೇಳಿದರೂ ಉಳಿದವೂ ಸಿಗುತ್ತವೆ. ಪ್ರೋಗ್ರಾಮಿಂಗ್ ಬೇಕಿಲ್ಲ, ಅಲ್ಪವಿರಾಮ ಗೊತ್ತಿದ್ದರೆ ಸಾಕು.

ನಮ್ಮ ಕಡತದ ಸಾಲುಗಳನ್ನು ಹೇಳಿದವರು ಹಿರಿಯರು. ಕಂದಾಯದ ದಾಖಲೆಯಲ್ಲಿ ಒಂದು ಹೆಸರು, ದನ ಮೇಯಿಸುವವರ ಬಾಯಲ್ಲಿ ಇನ್ನೊಂದು ಹೆಸರು ಇರುವ ಕುಂಟೆಗಳನ್ನು ಒಂದೊಂದಾಗಿ ಜೋಡಿಸಿಕೊಟ್ಟರು. ಇಂಥ ತಿಳಿವಳಿಕೆ ಬೆಂಗಳೂರಿನಲ್ಲಾಗಲಿ ಕ್ಯಾಲಿಫೋರ್ನಿಯದಲ್ಲಾಗಲಿ ಕೂತ ಯಾವ ಕಂಪನಿಗೂ ಸಿಗುವುದಿಲ್ಲ.

ಎರಡು ಭಾಷೆಯ ಊರಿಗೆ ಇನ್ನೊಂದು ಸೌಕರ್ಯವೂ ಬೇಕು. ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ ಕೈವಾರ ತಾತಯ್ಯನವರ ನಾಡು ಇದು. ಇಲ್ಲಿ ತೆಲುಗು ಮಾತನ್ನು ಕನ್ನಡ ಲಿಪಿಯಲ್ಲಿ ಬರೆಯುವುದು ಎಲ್ಲರಿಗೂ ಅಭ್ಯಾಸ. ಯೂನಿಕೋಡ್ ಪಟ್ಟಿಯಲ್ಲಿ ತೆಲುಗು, ಕನ್ನಡ ಅಕ್ಕಪಕ್ಕದ ಮನೆಗಳು. ತೆಲುಗಿನ ‘ಕ’ದ ಸಂಕೇತಕ್ಕೆ 128 ಕೂಡಿಸಿದರೆ ಕನ್ನಡದ ‘ಕ’ ಬರುತ್ತದೆ, ಬಹುತೇಕ ಎಲ್ಲ ಅಕ್ಷರಗಳದೂ ಇದೇ ಲೆಕ್ಕ. ಐಸಿಯು ಘಟಕದಲ್ಲಿ ತೆಲುಗಿನಿಂದ ಕನ್ನಡ ಲಿಪಿಗೆ ದಾಟಿಸುವ ಶೋಧಕವೇ ಇದೆ. ಅದನ್ನು ಹಾಕಿಕೊಂಡರೆ ಗಡಿಯಾಚೆಯ ನೆಂಟರು ತೆಲುಗು ಲಿಪಿಯಲ್ಲಿ ‘ಕೈವಾರ’ ಎಂದು ಕೇಳಿದರೂ ಕನ್ನಡದ ಪುಟ ಬರುತ್ತದೆ. ಕನ್ನಡ ಕೀಲಿಮಣೆ ಇಲ್ಲದವರಿಗಾಗಿ, ಪದಗಳ ರೋಮನ್ ಲಿಪಿಯ ರೂಪವನ್ನು ಇನ್ನೊಂದು ಅಂಕಣದಲ್ಲಿ ಇಡಲೂ ಬರುತ್ತದೆ.

ಯಾವುದು ಮೊದಲು ಬರಬೇಕು

ಸಿಕ್ಕಿದ್ದೆಲ್ಲವನ್ನೂ ರಾಶಿ ಹಾಕಿದರೆ ಓದುಗರು ಕಂಗಾಲಾಗುತ್ತಾರೆ. ಲ್ಯೂಸೀನ್ ಬಳಗ ಇದಕ್ಕೆ ಬಿಎಂ25 ಎಂಬ ಸೂತ್ರ ಬಳಸುತ್ತದೆ. ಲಂಡನ್ನಿನಲ್ಲಿ ಸ್ಟೀಫನ್ ರಾಬರ್ಟ್‌ಸನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ್ದು. ಅದರ ಬೇರು, ಕ್ಯಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮುಂದಿಟ್ಟ ಒಂದು ವಿಚಾರದಲ್ಲಿದೆ: ಎಲ್ಲ ಕಡೆ ಕಾಣುವ ಪದಕ್ಕೆ ತೂಕ ಕಡಿಮೆ, ಅಪರೂಪಕ್ಕೆ ಬರುವ ಪದಕ್ಕೆ ತೂಕ ಹೆಚ್ಚು. ‘ಕೆರೆ ತೂಬು’ ಎಂದು ಕೇಳಿದರೆ, ನಮ್ಮ ಸಂಗ್ರಹದಲ್ಲಿ ಕೆರೆ ಎಲ್ಲೆಲ್ಲೂ ಇರುವುದರಿಂದ ತೂಬಿನ ಮಾತು ಬಂದ ಶಾಸನ ಮೇಲೆ ಏರುತ್ತದೆ. ಇದರ ಮೇಲೆ ನಾವೂ ಒತ್ತು ಕೊಡಬಹುದು. ಊರಿನ ಹೆಸರು ಶೀರ್ಷಿಕೆಯಲ್ಲಿ ಬಂದರೆ ಐದರಷ್ಟು ತೂಕ, ಪಠ್ಯದ ನಡುವೆ ಬಂದರೆ ಒಂದರಷ್ಟು ಎಂದು ಒಂದು ಸಾಲಿನಲ್ಲಿ ಹೇಳಿದರೆ ಸೋಲರ್ ಕೇಳುತ್ತದೆ.

ಬಾಗಿಲು ಮತ್ತು ಬೀಗ

ಸರ್ವರ್ ಇಡುವವರು ಕಾವಲೂ ಕಾಯಬೇಕು. 2017ರ ಜನವರಿಯಲ್ಲಿ ಜಗತ್ತಿನಾದ್ಯಂತ ಪಾಸ್‌ವರ್ಡ್ ಇಲ್ಲದೆ ಅಂತರ್ಜಾಲಕ್ಕೆ ತೆರೆದಿಟ್ಟಿದ್ದ ಸಾವಿರಾರು ಇಲಾಸ್ಟಿಕ್‌ಸರ್ಚ್ ಸರ್ವರ್‌ಗಳ ಮಾಹಿತಿ ಅಳಿಸಿ ಹಣ ಕೇಳಿದರು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಘಟಕದಲ್ಲಿ ದೊಡ್ಡ ದೋಷ ಸಿಕ್ಕಾಗ ಸೋಲರ್‌ನ ಹಲವು ಆವೃತ್ತಿಗಳೂ ಅದರ ತೆಕ್ಕೆಗೆ ಬಂದವು. ಸೋಲರ್ 9 ಈಗ ತಾನಾಗಿ ಅದೇ ಯಂತ್ರದೊಳಗಿನ ಕೋರಿಕೆಗಳನ್ನು ಮಾತ್ರ ಕೇಳುತ್ತದೆ. ಬೇರೆ ಫೋನುಗಳಿಗೆ ತೆರೆಯಬೇಕೆಂದರೆ ನಾವೇ ಹೇಳಬೇಕು. ಹಾಗೆ ತೆರೆಯುವ ಮೊದಲು ಬಳಕೆದಾರರ ಹೆಸರು, ಪಾಸ್‌ವರ್ಡ್ ವ್ಯವಸ್ಥೆ ಹಾಕಿ. ಆಡಳಿತ ಪುಟವನ್ನು ಎಂದಿಗೂ ಹೊರಜಗತ್ತಿಗೆ ಬಿಡಬೇಡಿ. ಮುಂದೆ ಒಂದು ಸಣ್ಣ ಹುಡುಕು ಪುಟ ಇಟ್ಟು, ಸೋಲರ್ ಅದರ ಹಿಂದೆ ಇರಲಿ. ಹೊಸ ಆವೃತ್ತಿ ಬಂದಾಗ ಮುಂದೂಡದೆ ಹಾಕಿಕೊಳ್ಳಿ.

ಹಳ್ಳಿಯಲ್ಲಿ ಕರೆಂಟು ಹೋಗುವುದು ಸಾಮಾನ್ಯ. ಸೋಲರ್ ಬಂದ ಬದಲಾವಣೆಗಳನ್ನು ಮೊದಲು ಒಂದು ದಿನಚರಿ ಕಡತದಲ್ಲಿ ಬರೆದುಕೊಂಡು, ಸಾಮಾನ್ಯ ಸಂರಚನೆಯಲ್ಲಿ 15 ಸೆಕೆಂಡಿಗೊಮ್ಮೆ ಡಿಸ್ಕಿಗೆ ಗಟ್ಟಿಯಾಗಿ ಇಳಿಸುತ್ತದೆ. ನಡುವೆ ನಿಂತುಹೋದರೂ ಮತ್ತೆ ಶುರುವಾದಾಗ ದಿನಚರಿ ಓದಿ ಬಿಟ್ಟಲ್ಲಿಂದ ಸರಿಪಡಿಸಿಕೊಳ್ಳುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಇನ್ನೂ ಜೀವಂತವಾಗಿದ್ದರೆ ಅದೇ ಯುಪಿಎಸ್.

ಇನ್ನೊಂದು ಎಚ್ಚರ. ಹುಡುಕಲು ಬರುತ್ತದೆಂದು ಕೈಗೆ ಸಿಕ್ಕ ಪುಸ್ತಕವನ್ನೆಲ್ಲ ಸುರಿದು ಸಾರ್ವಜನಿಕವಾಗಿ ಹಂಚಬಾರದು. ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಹೋದ ಮೇಲೂ 60 ವರ್ಷ ಇರುತ್ತದೆ. ಬದುಕಿರುವವರ ಖಾಸಗಿ ವಿವರ ಇರುವ ಪಟ್ಟಿಗಳನ್ನಂತೂ ಮುಟ್ಟಲೇಬಾರದು.

ಇನ್ನು ಆಗಬೇಕಾದದ್ದು

ಸೋಲರ್ ಮತ್ತು ಲ್ಯೂಸೀನ್‌ನ ಪರವಾನಗಿ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ ಎನ್ನುತ್ತದೆ. ತಿದ್ದಿದ್ದನ್ನು ಮೂಲಕ್ಕೆ ಸೇರಿಸಿಕೊಳ್ಳಿ ಎಂದು ಕೇಳುವ ಹಕ್ಕೂ ಎಲ್ಲರಿಗಿದೆ. ತೆಲುಗಿನ ವಿಶ್ಲೇಷಕ ಸೇರಿದ್ದೂ ಯಾರೋ ಕೂತು ಬರೆದು ಕಳಿಸಿದ್ದರಿಂದಲೇ. ಕನ್ನಡದ್ದು ಸೇರಬೇಕಾದರೆ ಮೂರು ಸಾಮಗ್ರಿ ಬೇಕು. ಒಂದು, ಪ್ರತ್ಯಯಗಳನ್ನು ಕಳಚುವ ಕ್ರಮಬದ್ಧ ನಿಯಮಗಳು. 13ನೇ ಶತಮಾನದ ಕೇಶಿರಾಜನಿಂದ ಇವತ್ತಿನ ಶಾಲಾ ವ್ಯಾಕರಣದವರೆಗೆ ನಮ್ಮಲ್ಲಿ ಇದಕ್ಕೆ ಬೇಕಾದ ತಿಳಿವು ಬೇಕಾದಷ್ಟಿದೆ. ಎರಡು, ಕತ್ತರಿಸಬಾರದ ಪದಗಳ ಪಟ್ಟಿ. ಮೂರು, ಪರೀಕ್ಷೆಯ ಪದಗಳು: ಈ ಪದ ಕೊಟ್ಟರೆ ಈ ಉತ್ತರ ಬರಬೇಕು ಎಂಬ ಜೋಡಿಗಳು. ಬೀದರಿನ ಕನ್ನಡ, ಕುಂದಾಪುರದ ಕನ್ನಡ, ಕಾಸರಗೋಡಿನ ಕನ್ನಡ, ನಮ್ಮ ಗಡಿ ಸೀಮೆಯ ಕನ್ನಡ ಎಲ್ಲದರಿಂದಲೂ ಆ ಜೋಡಿಗಳು ಬರಬೇಕು. ಒಬ್ಬರೇ ಬರೆದರೆ ಯಾರದೋ ಒಂದು ಊರು ‘ಬಾಗೇಪ’ ಆಗಿಯೇ ಆಗುತ್ತದೆ.

ಕನ್ನಡ ಮೇಷ್ಟ್ರುಗಳೇ, ಟೀಚರುಗಳೇ, ನಿಮ್ಮ ತರಗತಿಯ ಮಕ್ಕಳಿಂದ ನಿಮ್ಮೂರಿನ ಹೆಸರುಗಳ ಒಂದು ಸಮಾನಪದ ಕಡತ ಬರೆಸಿ. ಗ್ರಂಥಾಲಯ ನೋಡಿಕೊಳ್ಳುವವರೇ, ಹಳೆಯ ಫಾಂಟಿನಲ್ಲಿ ಸಿಕ್ಕಿಕೊಂಡಿರುವ ಕಡತಗಳನ್ನು ಈಗಲೇ ಯೂನಿಕೋಡ್‌ಗೆ ತನ್ನಿ. ತಂತ್ರಾಂಶದ ಕೆಲಸದಲ್ಲಿರುವ ಹಳ್ಳಿಯ ಮಕ್ಕಳೇ, ಊರಿಗೆ ಬಂದಾಗ ಮನೆಯ ಹಳೆಯ ಲ್ಯಾಪ್‌ಟಾಪಿಗೆ ಸೋಲರ್ ಹಾಕಿ, ಅಜ್ಜ ಅಜ್ಜಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರು ಕೇಳುತ್ತ ಸಾಲು ಸೇರಿಸಿ. ಯಂತ್ರ ಯಾರದೋ ದಾನದಿಂದ ನಮಗೆ ಸಿಕ್ಕಿದೆ. ಕನ್ನಡದ ನಿಯಮಗಳನ್ನು ಬರೆದು ಅದಕ್ಕೆ ಸೇರಿಸುವುದು ನಾವು ತಿರುಗಿ ಕೊಡಬಹುದಾದ ದಾನ. ಅದು ಸೇರಿದ ದಿನ ಸೋಲರ್ ಇಳಿಸಿಕೊಳ್ಳುವ ಪ್ರತಿ ಕನ್ನಡಿಗರಿಗೂ ಈ ಕೆಲಸ ಸಿದ್ಧವಾಗಿಯೇ ಸಿಗುತ್ತದೆ.